ಮೇದಾರ ಓಣ್ಯಾಗ ಒಂದು ಬಿಲ್ಲು

ಮೊದಲ ಸಲ ಬಂದಾಗ ಬುಟ್ಟಿ ಕೇಳಲಿಲ್ಲ, ರೇಟು ಕೇಳಲಿಲ್ಲ.
ಗ್ವಾಡಿಗೆ ಆನಿಸಿಟ್ಟ ಗಳಗಳನ್ನ
ಒಂದೊಂದಾಗಿ ಬೆರಳಿನಿಂದ ಬಡಿದು
ಕಿವಿ ಹಚ್ಚಿ ಕೇಳಿದ.
ನಮ್ಮ ಮಾವ ಹಿಂಗ ಕೇಳತಿದ್ದ, ಹಳಿಯಾಳ ಡಿಪೋದಾಗ.
ಆತ ಹೋದ ಮ್ಯಾಲೆ
ಬಿದಿರಿನ ಮಾತು ಕೇಳಾವರನ್ನ ನಾ ಕಂಡಿದ್ದಿಲ್ಲ.

ಹೆಸರು ಶಾನ್‌ಬೋರ್ ಅಂದ. ಊರು ಮೇಘಾಲಯ.
ಧಾರವಾಡದಾಗ ಕೃಷಿ ಓದ್ತಾನಂತ.
ಸಂಜಿ ಅನ್ನೂದ್ರಾಗ ಓಣಿ ಹುಡುಗರ ಬಾಯಾಗ
ಶಂಭು ಆಗಿದ್ದ.

"ಬಿಲ್ಲು ಬೇಕು ಅಕ್ಕಾ. ನಾನೇ ಮಾಡ್ಕೊಳ್ತೀನಿ.
ಕತ್ತಿ ಕೊಡಿ, ಕೂಡ್ರಾಕ ಜಾಗ ಕೊಡಿ."
ಮನಿಯವರು ಬೀಡಿ ಆರಿಸಿ ಅಂದ್ರು:
"ನಾಳೆ ಪೊಲೀಸರು ಬಂದ್ರ
ಕತ್ತಿ ಕೊಟ್ಟಾಕಿ ನೀ, ಜವಾಬು ನೀನ ಹೇಳು."

ಕೊಟ್ಟೆ.

ನಲವತ್ತು ವರ್ಷ ನಾ ಬಿದಿರಿಗೆ ಕಲಿಸಿದ್ದು ಒಂದೇ ಪಾಠ:
ಬಗ್ಗು. ಬಗ್ಗಿದಲ್ಲೇ ಇರು.
ನೀರಾಗ ನೆನೆಹಾಕಿ, ಬೆಂಕಿಗೆ ಹಿಡದು, ಮೊಣಕಾಲಾಗ ಒತ್ತಿ
ಮೊರದ ಅಂಚಿಗೆ ಕಟ್ಟಿದ ದಬ್ಬಿ
ಮತ್ತ ನೆಟ್ಟಗಾಗ್ತೀನಂದ್ರ
ಆ ಮೊರ ಸಂತಿಗೆ ಹೋಗೂದಿಲ್ಲ.

ಈ ಹುಡುಗನ ಕೈಯಾಗ ನನ್ನ ಕತ್ತಿ ಬ್ಯಾರೇ ಮಾತಾಡತಿತ್ತು.
ನಡಕ್ಕ ದಪ್ಪ ಬಿಟ್ಟ, ತುದಿಗೆ ತೆಳ್ಳಗ ಹೆರದ.
ಹೊರಗಿನ ಹಸರ ತೊಗಲು ಮುಟ್ಟಲಿಲ್ಲ.
ಮೊಣಕಾಲಿಗೆ ಹಚ್ಚಿ ಬಗ್ಗಿಸ್ದ, ಬಿಟ್ಟ.
ಬಗ್ಗಿಸ್ದ, ಬಿಟ್ಟ.
ಬಿದಿರು ಪ್ರತಿ ಸಲ
ತನ್ನ ಮನಿಗೆ ತಾನ ಹೊಂಟು ಹೋಗತಿತ್ತು.

ಹೆದೆಗಂತ ನೈಲಾನ್ ಹಗ್ಗ ತಂದೆ. ತಲಿ ಅಲ್ಲಾಡಿಸಿದ.
ಹೆದೆನೂ ಬಿದಿರೇ ಆಗಬೇಕಂತ!
ಅಲ್ಲಿ ನಾ ಗೆದ್ದೆ.
ಆತ ಸೀಳಿದ ಮೂರೂ ಎಳಿ ಗೆಣ್ಣಿನ ಹತ್ರ ಹರದ್ವು.
ನಂದು ಗೆಣ್ಣು ದಾಟಿ, ಇನ್ನೊಂದು ಗೆಣ್ಣು ದಾಟಿ,
ಒಂದೇ ಉಸಿರಿನಾಗ ತುದಿ ಮುಟ್ಟಿತು.
ಕೈ ಮುಗಿದ,
ನನಗೋ ಎಳಿಗೋ ಗೊತ್ತಿಲ್ಲ.

ಮೂಲಿ ಅಂಗಡಿ ದಾವಲಸಾಬ
ಒಂದು ಚೀಲ ಕೋಳಿ ಪುಕ್ಕ ಕೊಟ್ಟ, ಆರಿಸ್ಕೋ ಅಂತ.
ಜನ್ಮದಾಗ ಹಿತ್ತಲ ಗ್ವಾಡಿ ದಾಟದ ಹಕ್ಕಿ
ಬಾಣದ ಬಾಲಕ್ಕ ಕುಂತು
ಸುಂಯ್ ಅಂತ ಹಾರಿ
ನಾ ಒಣಗಾಕ ಇಟ್ಟಿದ್ದ ಮನಿ ಮೊರಕ್ಕ ನಟ್ಟಿತು.
ಓಣಿಯೆಲ್ಲಾ ಸಿಳ್ಳಿ.
ಆ ಹುಡುಗನ ಮಾರಿ ಮಾತ್ರ ಸಪ್ಪಗ.

"ಬ್ಯಾಟಿಗೇನಪಾ?" ಅಂದೆ.
ಅಲ್ಲಂತ. ಅವನಕ್ಕ ಹಡದಾಳ, ಗಂಡು.
ಹೆಸರಿಡೂವಾಗ ಕೂಸಿನ ಬಾಜೂ ಒಂದು ಬಿಲ್ಲು, ಮೂರು ಬಾಣ ಇಡತಾರಂತ.
ಪರೀಕ್ಷಾ ಐತಿ, ಇವ ಮುಟ್ಟೂದಿಲ್ಲ,
ಅಲ್ಲಿ ಬ್ಯಾರೆ ಯಾರದೋ ಬಿಲ್ಲು ಇಟ್ಟಿರ್ತಾರ.
"ಆದ್ರೂ ನನ್ನ ಕೈದೊಂದು ಇರಬೇಕಲ್ಲ ಅಕ್ಕಾ,
ತಡಾ ಆದ್ರೂ."
ಅದಕ್ಕ ನಮ್ಮಲ್ಲಿ ಸ್ವಾದರಮಾವ ಅಂತಾರ ಅಂದೆ.
ಎರಡು ಸಲ ತಪ್ಪಿ ಮೂರನೇ ಸಲ ಅಂದ.
ನನ್ನ ಮಗನ ತೊಟ್ಟಲಕ್ಕ ನನ್ನ ತಮ್ಮ ಬಂದಿದ್ದಿಲ್ಲ.
ಇರಲಿ. ಆ ಮಾತ್ಯಾಕ ಈಗ.

ಹೊಸೂರ ಸ್ಟಾಪಿನ ಕಾವಲಿನಾಂವ ಅಡ್ಡ ನಿಂತ:
"ಬಿಲ್ಲು ಹಿಡಕೊಂಡು ಚಿಗರಿ ಹತ್ತತೀಯೇನೋ ತಮ್ಮಾ?"
ಸಾಲಿನಾಗ ನಿಂತವರೆಲ್ಲಾ ನಕ್ಕರು.
ಬಸ್ಸಿನ ಹೆಸರಿನ ಅರ್ಥ ಅವಗ ಹೇಳೂದ್ರಾಗ
ನನಗೂ ನಗಿ ಬಂತು.
ಹೆದೆ ಇಳಿಸಿದೆ. ಬಿಲ್ಲು ಕೋಲಾತು.
"ಕೋಲು ಐತಿ ಬಿಡ್ರಿ, ಕೂಸಿನ ಆಟಕ್ಕ."
ಬಾಣ ಹಾಳಿಯಾಗ ಸುತ್ತಿದ್ವು.

ಬಾಗಲಾ ಮುಚ್ಚೂಮಟ ಅವ ಹೇಳತಿದ್ದ:
ಒಂದು ಬಾಣ ನೆಲಕ್ಕ,
ಒಂದು ಕುಲಕ್ಕ,
ಮೂರನೇದು...
ಗಾಜಿನಾಚೆ ಬಾಯಿ ಅಲ್ಲಾಡಿತು.

ಮೊರದ ತೂತು ಇನ್ನೂ ಹಂಗ ಐತಿ.
ಮುಚ್ಚಾಕ ಒಂದು ಎಳಿ ಸಾಕು, ಒಂದು ಗಳಿಗಿ ಸಾಕು.
ಜ್ವಾಳಾ ಕೇರುವಾಗ
ಒಂದೆರಡು ಕಾಳು ಅಲ್ಲಿಂದ ಜಾರತಾವ,
ಆರಿಸಿ ಮತ್ತ ಮೊರಕ್ಕ ಹಾಕ್ತೀನಿ.
ಮನಿಯವರು ಬೈತಾರ.